ಕ್ಯಾಪ್ಟನ್ ಮನಾಂಟನ್ ಇಳಿಯಲು ಕಲಿತದ್ದು

ಕ್ಯಾಪ್ಟನ್ ಎಲ್ಪಿಡಿಯೊ ಮನಾಂಟನ್ ಮನಿಲಾ ಹತ್ತಿರದ ಬುಲಕಾನಿನ ನಮ್ಮ ಪುಟ್ಟ ವಿಮಾನ ಮೈದಾನಕ್ಕೆ ಮೊದಲ ಸಲ ಬಂದಾಗ ಅವರಿಗೆ ಅರವತ್ತೊಂದು ವರ್ಷ. ಮನಿಲಾದಿಂದ ಸೆಬು, ಸೆಬುವಿನಿಂದ ದವಾವೊ, ಅಲ್ಲಿಂದ ಮತ್ತೆ ಮನಿಲಾ. ಬೆನ್ನ ಹಿಂದೆ ನೂರ ಎಂಬತ್ತು ಜನರನ್ನು ಕೂರಿಸಿಕೊಂಡು ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದವರು. ಬಂದವರೇ ನನ್ನ ಶೆಡ್ಡಿನ ಹಿಂದೆ ಮಾವಿನ ಮರದ ಕೆಳಗೆ ನಿಂತಿದ್ದ ಎರಡು ಸೀಟಿನ ಹಳೆಯ ವಿಮಾನದ ಸುತ್ತ ಒಂದು ಸುತ್ತು ಹಾಕಿ, ಇದು ಯಾರದು ಎಂದು ಕೇಳಿದರು.

"ಸದ್ಯಕ್ಕೆ ಕೋಳಿಯದು," ಎಂದೆ.

ನಾನು ತಮಾಷೆ ಮಾಡಿರಲಿಲ್ಲ. ಬಾಗಿಲಿನ ಗಾಜು ಒಡೆದಿತ್ತು. ಬಲಗಡೆಯ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ನಿಜವಾದ ಮಾಲೀಕ ಹಲ್ಲಿನ ಡಾಕ್ಟರು ಕೆನಡಾ ಸೇರಿ ಒಂಬತ್ತು ವರ್ಷವಾಗಿತ್ತು. ಕ್ಯಾಪ್ಟನ್ ಬಗ್ಗಿ ಒಳಗೆ ನೋಡಿದರು. ಕೋಳಿಯೂ ಅವರನ್ನು ನೋಡಿತು.

"ಹಾರುತ್ತಾ?" ಎಂದು ಕೇಳಿದರು.

"ಕೋಳಿಯಾ?"

"ವಿಮಾನ, ಮಾಂಗ್ ತೆಬಾನ್."

ನನ್ನ ಹೆಸರು ಎಸ್ತೆಬಾನ್. ಇಪ್ಪತ್ತೆರಡು ವರ್ಷದಿಂದ ಈ ಮೈದಾನದಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದೇನೆ. ವಯಸ್ಸಿಗೆ ಬೆಲೆ ಕೊಟ್ಟು ಎಲ್ಲರೂ ಮಾಂಗ್ ತೆಬಾನ್ ಎನ್ನುತ್ತಾರೆ. ಒಂದು ವರ್ಷ ಕೊಟ್ಟರೆ ಹಾರಿಸಬಹುದು ಎಂದೆ. ಕ್ಯಾಪ್ಟನ್ ಕೆನಡಾದ ಡಾಕ್ಟರಿಗೆ ಪತ್ರ ಬರೆದು ವಿಮಾನ ಕೊಂಡರು. ಹದಿನಾಲ್ಕು ತಿಂಗಳು ಹಿಡಿಯಿತು. ಮೊಟ್ಟೆಯೊಡೆದು ಮರಿಗಳು ಹೊರಬರುವ ತನಕ ಕ್ಯಾಪ್ಟನ್ ನನ್ನನ್ನು ಬಲಗಡೆ ಕೈ ಹಾಕಲು ಬಿಡಲಿಲ್ಲ. ಅದರಲ್ಲೇ ಮೂರು ವಾರ ಹೋಯಿತು.

ರಜೆಯಿದ್ದಾಗಲೆಲ್ಲ ಅವರು ಬಂದು ನನ್ನ ಜೊತೆ ನಟ್ಟು ಬೋಲ್ಟು ಉಜ್ಜುತ್ತ ಕೂರುತ್ತಿದ್ದರು. ಇಡೀ ವಾರ ಹಾರಿ ಬಂದವರಿಗೆ ಇದೇಕೆ ಬೇಕು ಎಂದು ಒಂದು ದಿನ ಕೇಳಿಯೇ ಬಿಟ್ಟೆ.

"ದೊಡ್ಡ ವಿಮಾನದಲ್ಲಿ ನನ್ನ ಕೈಯಲ್ಲಿ ಹಾರೋದು ಎಷ್ಟು ಹೊತ್ತು ಗೊತ್ತಾ?" ಎಂದರು. "ಏರುವಾಗ ಎರಡು ನಿಮಿಷ. ಇಳಿಯುವಾಗ ಎರಡು ನಿಮಿಷ. ಮಿಕ್ಕಿದ್ದನ್ನ ಯಂತ್ರ ನೋಡ್ಕೊಳ್ಳುತ್ತೆ. ನಾನು ಯಂತ್ರನ ನೋಡ್ಕೋತೀನಿ. ಊಟದ ಟ್ರೇ ಬಂದ್ರೆ ಅದನ್ನೂ ನೋಡ್ಕೋತೀನಿ."

"ಸಂಬಳ ಕೊಡ್ತಾರಲ್ಲ."

"ಸಂಬಳ ಕೊಡೋದೇ ಏನೂ ಆಗದೇ ಇರಲಿ ಅಂತ, ಮಾಂಗ್ ತೆಬಾನ್. ಇಪ್ಪತ್ತೆಂಟು ವರ್ಷದಲ್ಲಿ ಏನೂ ಆಗಿಲ್ಲ."

ಈ ಮಾತನ್ನು ಅವರು ಹೆಮ್ಮೆಯಿಂದ ಹೇಳಿದರೋ ಬೇಸರದಿಂದಲೋ ನನಗೆ ತಿಳಿಯಲಿಲ್ಲ. ಅದಕ್ಕೂ ಮೊದಲು, ಹರೆಯದಲ್ಲಿ, ದವಾವೊದ ಬಾಳೆ ತೋಟಗಳ ಮೇಲೆ ಔಷಧಿ ಸಿಂಪಡಿಸುವ ವಿಮಾನ ಹಾರಿಸಿದ್ದರಂತೆ. ಆಗಿನ ಮಾತು ಬಂದಾಗ ಮಾತ್ರ ಅವರ ಕೈ ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ವಾಲುತ್ತಿತ್ತು.

ಅವರ ಹೆಂಡತಿ ಚೆಲೊ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿ ನಿವೃತ್ತರಾದವರು. ಬಣ್ಣ ಹೊಡೆದ ದಿನ ನೋಡಲು ಬಂದರು. ಒಂದು ಬೆರಳಿನಿಂದ ರೆಕ್ಕೆಯನ್ನು ಒತ್ತಿದರು. ತಗಡು ಒಳಗೆ ಹೋಗಿ ಮತ್ತೆ ಹೊರಗೆ ಬಂತು.

"ನಮ್ಮ ಫ್ರಿಜ್ಜಿನ ಬಾಗಿಲೇ ಇದಕ್ಕಿಂತ ಗಟ್ಟಿ, ಪಿಡಿಯೊ."

"ಫ್ರಿಜ್ಜು ಹಾರಲ್ಲ, ಚೆಲೊ."

"ಅದಕ್ಕೇ ನಂಗೆ ಅದರ ಮೇಲೆ ನಂಬಿಕೆ," ಎಂದು ಹೇಳಿ ತಂದಿದ್ದ ಪನ್ಸಿತ್ ಶಾವಿಗೆಯನ್ನು ಎಲ್ಲರಿಗೂ ಬಡಿಸಿದರು.

ವಿಮಾನ ಸಿದ್ಧವಾಯಿತು, ಹಾರಿಸುವವರು ಆಗಿರಲಿಲ್ಲ. ಮೂವತ್ತು ವರ್ಷ ಸಣ್ಣ ವಿಮಾನ ಮುಟ್ಟದವರು ಮತ್ತೆ ಒಬ್ಬರೇ ಹಾರಬೇಕಾದರೆ ಬೋಧಕರೊಬ್ಬರು ಪರೀಕ್ಷಿಸಿ ಸಹಿ ಹಾಕಬೇಕು. ನಮ್ಮ ಮೈದಾನದಲ್ಲಿ ಬೋಧಕಿ ಎಂದರೆ ಮಾರಿವಿಕ್ ತುಗಾಡೆ. ಕಗಯಾನ್ ಕಡೆಯ ಹುಡುಗಿ. ಅಪ್ಪ ಅಲ್ಲಿ ಜನ ತುಂಬಿಸಿಕೊಂಡು ಹೋಗುವ ಜೀಪ್ನಿ ಗಾಡಿ ಓಡಿಸುತ್ತಾನೆ. ಇಪ್ಪತ್ತೇಳು ವರ್ಷ, ಐದಡಿ ಎತ್ತರ. ಸೀಟಿನ ಮೇಲೆ ಒಂದು ದಿಂಬು ಹಾಕಿಕೊಂಡು ಕೂರುತ್ತಾಳೆ.

ಅವರಿಬ್ಬರ ಪರಿಚಯ ಮಾಡಿಸಿದವನು ನಾನೇ. ಕ್ಯಾಪ್ಟನ್ ಕೈ ಕುಲುಕಿ, "ನಿನ್ನನ್ನ ಭೇಟಿಯಾಗಿದ್ದು ಸಂತೋಷ," ಎಂದರು. ಮಾರಿವಿಕ್ "ನಂಗೂ ಸರ್," ಎಂದಳು. ಅವರು ಅತ್ತ ಹೋದ ಮೇಲೆ ನನ್ನ ಹತ್ತಿರ ಬಂದು, "ಮೂರು ವರ್ಷದ ಹಿಂದೆ ಅವರ ಕಂಪನಿಗೆ ಸಂದರ್ಶನಕ್ಕೆ ಹೋಗಿದ್ದೆ, ಮಾಂಗ್ ತೆಬಾನ್. ನಡುವಿನ ಕುರ್ಚಿಯಲ್ಲಿ ಕೂತಿದ್ದವರು ಇವರೇ. ನಂಗೆ ಕೆಲಸ ಕೊಡಲಿಲ್ಲ," ಎಂದಳು.

"ಅವರಿಗೆ ಗುರುತು ಸಿಗಲಿಲ್ವಾ?"

"ಅವತ್ತು ನಲವತ್ತು ಜನ ಇದ್ವಿ."

ಮುಖದಲ್ಲಿ ಸಿಟ್ಟಿರಲಿಲ್ಲ. ದಿಂಬು ಎತ್ತಿಕೊಂಡು ವಿಮಾನದ ಕಡೆ ನಡೆದಳು.

ಆ ಬೆಳಿಗ್ಗೆ ಕ್ಯಾಪ್ಟನ್ ಆರು ಸಲ ಇಳಿಯಲು ನೋಡಿದರು. ಶೆಡ್ಡಿನ ಮುಂದೆ ನಿಂತು ಆರನ್ನೂ ನೋಡಿದೆ. ಚೆಂದವಾಗಿ, ನೇರವಾಗಿ ಬರುತ್ತಿದ್ದರು; ತೆಂಗಿನ ಮರದ ಅರ್ಧದಷ್ಟು ಎತ್ತರದಲ್ಲಿ ಮೂಗು ಮೇಲೆತ್ತಿ, ನೆಲ ಮುಟ್ಟಿದವರಂತೆ ಸಮಾಧಾನದಿಂದ ಕೂರುತ್ತಿದ್ದರು. ನೆಲ ಇನ್ನೂ ಕೆಳಗಿತ್ತು. ವೇಗ ಸತ್ತ ವಿಮಾನ ಮೂಟೆಯಂತೆ ಬಿದ್ದು ಪುಟಿಯುತ್ತಿತ್ತು. ಪಕ್ಕದಲ್ಲಿದ್ದ ಮಾರಿವಿಕ್ ಪ್ರತಿ ಸಲವೂ ಎಂಜಿನ್ ಜೋರು ಮಾಡಿ ಮತ್ತೆ ಮೇಲಕ್ಕೆ ಒಯ್ಯುತ್ತಿದ್ದಳು. ಆರನೆಯದರಲ್ಲಿ ತಾನೇ ಇಳಿಸಿದಳು.

"ಕ್ಯಾಪ್ಟನ್, ನೀವು ಎರಡನೇ ಮಹಡಿಯಲ್ಲಿ ಇಳೀತಿದೀರಿ," ಎಂದಳು ಕೆಳಗಿಳಿದ ಮೇಲೆ. "ಇಲ್ಲಿ ಇರೋದು ನೆಲಮಹಡಿ ಒಂದೇ."

"ದೊಡ್ಡ ವಿಮಾನದ ಎತ್ತರ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿದೆ."

"ಕಾಲಿಗೂ. ನಿಮ್ಮ ಕಾಲು ಎರಡೂ ಮಲಗಿದಾವೆ. ಗಾಳಿ ಪಕ್ಕದಿಂದ ತಳ್ಳಿದ್ರೆ ಕಾಲಿಂದ ಪೆಡಲ್ ಒತ್ತಿ ತಡೀಬೇಕು, ಈ ವಿಮಾನ ತಾನಾಗಿ ತಡೆಯಲ್ಲ."

"ಸಹಿ ಹಾಕ್ತೀಯಾ?"

"ಇಲ್ಲ ಸರ್. ಶನಿವಾರ ಬನ್ನಿ."

ಅವರು ಹನ್ನೊಂದು ಶನಿವಾರ ಬಂದರು. ಐದನೆಯ ಶನಿವಾರದಿಂದ ಅವಳನ್ನು ಮೇಡಂ ಎಂದು ಕರೆಯತೊಡಗಿದರು. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ಮೇಡಮ್ಮಿಗೆ ಒಂದು ಹುಚ್ಚಿತ್ತು: ಹಾರುತ್ತಿರುವಾಗ ಇದ್ದಕ್ಕಿದ್ದಂತೆ ಎಂಜಿನ್ನಿನ ವೇಗ ಇಳಿಸಿ, "ನಿಂತೋಯ್ತು. ಎಲ್ಲಿ ಇಳೀತೀರಿ?" ಎಂದು ಕೇಳುವುದು. ಕ್ಯಾಪ್ಟನ್ ಮೊದಮೊದಲು ಮುಂದಿನ ಮೀಟರುಗಳ ಮುಳ್ಳುಗಳನ್ನು ನೋಡುತ್ತಿದ್ದರಂತೆ. "ಅಲ್ಲಿ ಗದ್ದೆ ಇಲ್ಲ ಸರ್, ಹೊರಗಿದೆ," ಎನ್ನುತ್ತಿದ್ದಳಂತೆ. ಹನ್ನೊಂದನೆಯ ಶನಿವಾರ ಅವರು ಒಬ್ಬರೇ ಹಾರಿ, ಒಬ್ಬರೇ ಇಳಿದರು. ನೆಲಮಹಡಿಯಲ್ಲೇ ಇಳಿದರು. ಕೆಳಗೆ ಬಂದು ನನ್ನ ಕಾಫಿಯನ್ನು ತಮ್ಮದೆಂದು ತಿಳಿದು ಕುಡಿದುಬಿಟ್ಟರು.

ಮುಂದಿನ ಫೆಬ್ರವರಿಯಲ್ಲಿ ಚೆಲೊ ಅವರ ಅಕ್ಕನ ಎಪ್ಪತ್ತನೇ ಹುಟ್ಟುಹಬ್ಬ ಬಂತು. ಅಕ್ಕನ ಮನೆ ಪಂಗಸಿನಾನ್‌ನಲ್ಲಿ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಕ್ಯಾಪ್ಟನ್ ಎರಡು ವಾರ ಓಲೈಸಿ ಹೆಂಡತಿಯನ್ನು ವಿಮಾನ ಹತ್ತಿಸಿದರು. ಚೆಲೊ ತೊಡೆಯ ಮೇಲೆ ಊಬೆ ಗೆಣಸಿನ ನೇರಳೆ ಕೇಕಿನ ಡಬ್ಬಿ ಇಟ್ಟುಕೊಂಡು ಜಪಮಾಲೆ ಹಿಡಿದು ಕೂತರು. ನಾನು ಕೈ ಬೀಸಿ ಕಳಿಸಿದೆ.

ಮುಂದೆ ನಡೆದದ್ದನ್ನು ಚೆಲೊ ಅವರೇ ನನಗೆ ಹೇಳಿದರು. ತರ್ಲಾಕ್ ದಾಟುವಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು.

"ಯಾಕೆ ಸುಮ್ಮನಾಯ್ತು?"

"ಎಂಜಿನ್ ನಿಂತಿದೆ."

"ಮತ್ತೆ ಶುರು ಮಾಡು."

"ಮಾಡ್ತಿದೀನಿ."

"ಮನೇಲಿ ನೀರಿನ ಪಂಪ್ ಕೆಟ್ಟಾಗಲೂ ಹೀಗೇ ಅಂತೀಯ."

ಕ್ಯಾಪ್ಟನ್ ವಿಮಾನದ ಮೂಗು ತಗ್ಗಿಸಿ ಹೊರಗೆ ನೋಡಿದರು. ಕೆಳಗೆ ಕುಯ್ಲು ಮುಗಿದ ಗದ್ದೆಗಳಿದ್ದವು. ಅಷ್ಟರಲ್ಲಿ ಅವರು ಒಂದನ್ನು ಆರಿಸಿಯೂ ಆಗಿತ್ತು, ಉದ್ದನೆಯದು, ಗಾಳಿಗೆ ಎದುರಾಗಿದ್ದದ್ದು. "ಅವನ ಮುಖ ನೋಡಿದೆ, ಮಾಂಗ್ ತೆಬಾನ್," ಎಂದರು ಚೆಲೊ. "ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅಷ್ಟು ಎಚ್ಚರವಾಗಿದ್ದದ್ದನ್ನ ನಾನು ನೋಡಿರಲಿಲ್ಲ. ಸ್ವಲ್ಪ ಸಿಟ್ಟೂ ಬಂತು."

ವಿಮಾನ ಕೂಳೆಯ ಮೇಲೆ ಮೆತ್ತಗೆ ಇಳಿದು, ಓಡಿ, ಕೊನೆಯ ಬದುವಿಗೆ ಮೂಗಿನ ಚಕ್ರ ಬಡಿದು ತಲೆ ಬಗ್ಗಿಸಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಕೇಕಿಗೂ ಆಗಲಿಲ್ಲ.

ಹತ್ತು ನಿಮಿಷದಲ್ಲಿ ಇಡೀ ಊರು ಬದುವಿನ ಮೇಲೆ ಸಾಲುಗಟ್ಟಿತು. ಊರಿನ ಮುಖಂಡ ಮೋಟರ್ ಬೈಕಿನಲ್ಲಿ ಬಂದ. ನಮ್ಮ ಮಾತಿನಲ್ಲಿ ಕ್ಯಾಪ್ಟನ್ ಎಂದರೆ ಕಪಿತಾನ್; ಊರ ಮುಖಂಡನನ್ನೂ ಹಾಗೆಯೇ ಕರೆಯುವುದು.

"ಇಲ್ಲಿ ಕಪಿತಾನ್ ಯಾರು?" ಎಂದರಂತೆ ಹಿಂದೆಯೇ ಬಂದ ಪೊಲೀಸರು.

"ನಾನು," ಎಂದರು ಇಬ್ಬರೂ.

ಪೊಲೀಸರು ಪುಸ್ತಕ ಮಡಚಿ ಮತ್ತೆ ತೆರೆದರು. ಹೇಳಿಕೆ ಬರೆದು ಮುಗಿಸಲು ಎರಡು ಗಂಟೆ ಹಿಡಿಯಿತು. ಬಿಸಿಲಿತ್ತು, ಕೇಕ್ ಕೆಡುತ್ತಿತ್ತು. ಚೆಲೊ ಅದನ್ನು ಅಲ್ಲೇ ಕತ್ತರಿಸಿ ಹಂಚಿದರು, ಲೆಕ್ಕದ ಟೀಚರಾದ್ದರಿಂದ ಎಲ್ಲರಿಗೂ ಸಮನಾಗಿ ಬಂತು. ಗದ್ದೆಯ ಯಜಮಾನ ಎರಡನೆಯ ತುಂಡು ಕೇಳಿದ. ಗದ್ದೆ ಅವನದಾದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ಸಂಜೆ ನಾನು ಸಾಮಾನು ಕಟ್ಟಿಕೊಂಡು ಹೋದೆ. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರೆಕ್ಕೆಯ ಕೆಳಗೆ ಪೆಟ್ರೋಲ್ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ಕೊಳವೆಯಿದೆ. ಅದರೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಗಾಳಿ ಹೋಗದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ, ಅಷ್ಟೇ. ಹಾರುವ ಮೊದಲು ಬಗ್ಗಿ ನೋಡಿದರೆ ಕಾಣುತ್ತದೆ. ಗೂಡನ್ನು ಅಂಗೈ ಮೇಲಿಟ್ಟು ಕ್ಯಾಪ್ಟನ್‌ಗೆ ತೋರಿಸಿದೆ.

"ಬಗ್ಗಿರಲಿಲ್ವಾ?"

"ಇಲ್ಲ," ಎಂದರು. "ಕೇಕ್ ಹಿಡ್ಕೊಂಡಿದ್ದೆ. ಅದೂ ಅಲ್ಲದೆ, ಮೂವತ್ತು ವರ್ಷ ಬೇರೆ ಯಾರೋ ಬಗ್ಗಿ ನೋಡ್ತಿದ್ರು, ನಾನು ಸಹಿ ಹಾಕ್ತಿದ್ದೆ."

ನಾನೂ ಅವತ್ತು ಬಗ್ಗಿರಲಿಲ್ಲ. ಅದನ್ನು ಅವರಿಗೆ ಹೇಳಿದೆ.

ವಿಮಾನಯಾನ ಇಲಾಖೆಗೆ ವರದಿ ಬರೆಯಬೇಕಿತ್ತು. ಕ್ಯಾಪ್ಟನ್ ನನ್ನ ಶೆಡ್ಡಿನ ಮೇಜಿನ ಮೇಲೆಯೇ ಬರೆದರು. ಕಾರಣ ಎಂಬಲ್ಲಿ "ಪೈಲಟ್ ಬಗ್ಗಿ ನೋಡಲಿಲ್ಲ" ಎಂದು ಬರೆದರು. ಎಂಜಿನ್ ನಿಂತೊಡನೆ ಮೊದಲು ಮಾಡಿದ್ದೇನು ಎಂಬಲ್ಲಿ "ಎಲ್ಲಿ ಇಳಿಯುವುದು ಎಂದು ನೋಡಿದೆ" ಎಂದು ಬರೆದು ಪೆನ್ನು ಕೆಳಗಿಟ್ಟರು.

"ಮಾಂಗ್ ತೆಬಾನ್, ಈ ಮಾತನ್ನ ನಂಗೆ ಯಾರೋ ಹೇಳಿದ್ರು. ಹಾರುವಾಗ ಅಲ್ಲ. ಕೋಣೆಯೊಳಗೆ. ಎರಡೂ ಎಂಜಿನ್ ನಿಂತ್ರೆ ಮೊದಲು ಏನ್ ಮಾಡ್ತೀಯ ಅಂತ ನಾನೇ ಕೇಳಿದ್ದೆ."

ನಾನು ಕೈ ಒರೆಸಿಕೊಳ್ಳುತ್ತ ನಿಂತೆ.

"ಪುಸ್ತಕದಲ್ಲಿರೋ ಕ್ರಮ ಹೇಳಲಿಲ್ಲ ಅಂತ ಅಂಕ ಕಳೆದೆ. ದೊಡ್ಡ ವಿಮಾನಕ್ಕೆ ಇನ್ನೂ ಸಿದ್ಧಳಲ್ಲ ಅಂತ ಬರೆದೆ." ನನ್ನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಶನಿವಾರ ಬರ್ತಿದ್ರಾ?"

ಅವರು ಎದ್ದು ಹೊರಗೆ ಹೋದರು. ಮಾರಿವಿಕ್ ತಾನು ಪಾಠ ಹೇಳುವ ಹಾರಾಟ ಶಾಲೆಯ ವಿಮಾನದ ಗಾಜು ಒರೆಸುತ್ತಿದ್ದಳು. ನಾನು ಬಾಗಿಲ ಬಳಿಯೇ ನಿಂತಿದ್ದೆ; ಕೇಳಿಸಿತು.

"ಮೇಡಂ, ಅವತ್ತು ನಿಮ್ಮನ್ನ ಬೇಡ ಅಂತ ಬರೆದವನು ನಾನು."

"ಗೊತ್ತು ಸರ್. ನಿಮ್ಮ ಪೆನ್ನು ಸದ್ದು ಮಾಡ್ತಿತ್ತು."

"ತಪ್ಪು ಬರೆದಿದ್ದೆ."

ಅವಳು ಗಾಜಿನ ಇನ್ನೊಂದು ಮೂಲೆ ಒರೆಸಿದಳು. "ಆ ರಾತ್ರಿ ಬಸ್ಸಲ್ಲಿ ಊರಿಗೆ ಹೋಗೋವಾಗ ಪೂರ್ತಿ ಅತ್ತೆ ಸರ್. ಪಕ್ಕದ ಸೀಟಿನ ಅಜ್ಜಿ ನಂಗೆ ಯಾರೋ ತೀರಿಕೊಂಡಿದಾರೆ ಅಂದ್ಕೊಂಡು ಬೇಯಿಸಿದ ಮೊಟ್ಟೆ ಕೊಟ್ರು." ಆಮೇಲೆ, "ಚೆಲೊ ಮೇಡಂ ಹೇಗಿದಾರೆ?" ಎಂದು ಕೇಳಿದಳು.

ಕ್ಯಾಪ್ಟನ್ ಕಂಪನಿಗೆ ಪತ್ರ ಬರೆದರು. ತಾನು ಸಮಿತಿಯಲ್ಲಿ ಕೂರುವುದಿಲ್ಲ, ಅವಳು ತನ್ನ ಗುರು, ಆದರೆ ಮತ್ತೊಮ್ಮೆ ಕರೆಯಿರಿ ಎಂದು. ಕರೆದರು. ಬೇರೆ ಮೂವರು ಪ್ರಶ್ನೆ ಕೇಳಿದರು, ಆಯ್ಕೆಯಾದಳು. ಮಾರಿವಿಕ್ ಮೂರು ದಿನ ಯೋಚಿಸಿ ಬೇಡ ಎಂದಳು. ಉತ್ತರದ ದ್ವೀಪಗಳಿಗೆ ಒಂಬತ್ತು ಸೀಟಿನ ವಿಮಾನ ಹಾರಿಸುವ ಸಣ್ಣ ಸಂಸ್ಥೆಯೊಂದು ಅವಳನ್ನು ಕರೆದಿತ್ತು. ಅಲ್ಲಿಗೆ ಹೋಗುತ್ತೇನೆ ಎಂದಳು.

ಕ್ಯಾಪ್ಟನ್‌ಗೆ ಅರ್ಥವಾಗಲಿಲ್ಲ. "ಮೇಡಂ, ಅಲ್ಲಿ ಪಿಂಚಣಿ ಇಲ್ಲ, ಬಡ್ತಿ ಇಲ್ಲ, ವರ್ಷದಲ್ಲಿ ನಾಲ್ಕು ತಿಂಗಳು ಬಿರುಗಾಳಿ. ಇಲ್ಲಾದ್ರೆ ಎಂಟು ವರ್ಷಕ್ಕೆ ಕ್ಯಾಪ್ಟನ್."

"ಎಂಟು ವರ್ಷಕ್ಕೆ ಕ್ಯಾಪ್ಟನ್ ಆಗಿ, ಅರವತ್ತಕ್ಕೆ ಒಂದು ಸಣ್ಣ ವಿಮಾನ ತಗೊಂಡು ಹಾರೋದು ಕಲೀಬೇಕು. ನಂಗೆ ಈಗಲೇ ಬರುತ್ತೆ, ಸರ್."

ಅವಳು ಇದನ್ನು ಚುಚ್ಚಲೆಂದು ಹೇಳಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಒಂದು ವಾರ ಅವರು ಮೈದಾನಕ್ಕೆ ಬರಲಿಲ್ಲ. ಮನೆಯಲ್ಲಿ ಆ ಹುಡುಗಿಗೆ ತಲೆ ಕೆಟ್ಟಿದೆ ಎಂದು ಹೇಳುತ್ತ ಓಡಾಡಿದರಂತೆ. ಚೆಲೊ, "ಲೆಕ್ಕ ಸರಿಯಾಗಿಯೇ ಮಾಡಿದಾಳೆ," ಎಂದು ಹೇಳಿ ಮೀನು ಹುರಿಯಲು ಹೋದರಂತೆ.

ಮೂಗಿನ ಚಕ್ರದ ಭಾಗ ಹಡಗಿನಲ್ಲಿ ಬಂದು ರಿಪೇರಿ ಮುಗಿಯುವಾಗ ಏಳು ತಿಂಗಳಾಗಿತ್ತು. ಕ್ಯಾಪ್ಟನ್ ಈಗ ಹಾರುವ ಮೊದಲು ಐವತ್ತು ನಿಮಿಷ ಪರೀಕ್ಷೆ ಮಾಡುತ್ತಾರೆ. ಕೆಲವೊಮ್ಮೆ ಅಷ್ಟರಲ್ಲಿ ಮೋಡ ಕಟ್ಟಿ, ಹಾರದೆ ಮನೆಗೆ ಹೋಗುತ್ತಾರೆ. ಅದರ ಬಗ್ಗೆ ಅವರಿಗೆ ದೂರಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಚೆಲೊ ಉತ್ತರದ ದ್ವೀಪ ನೋಡಬೇಕೆಂದರು. ಮಾರಿವಿಕ್‌ಳ ವಿಮಾನದಲ್ಲೇ ಎರಡು ಸೀಟು ಕಾದಿರಿಸಿದರು. ಸಣ್ಣ ವಿಮಾನವಾದ್ದರಿಂದ ಹತ್ತುವ ಮುನ್ನ ಎಲ್ಲರನ್ನೂ ತಕ್ಕಡಿ ಮೇಲೆ ನಿಲ್ಲಿಸಿ ತೂಗುತ್ತಾರೆ. ಹಿಂತಿರುಗುವಾಗ ತೂಕ ಸರಿದೂಗಿಸಲು ಮಾರಿವಿಕ್ ಚೆಲೊ ಅವರನ್ನು ಮುಂದೆ ತನ್ನ ಪಕ್ಕಕ್ಕೇ ಕೂರಿಸಿಕೊಂಡು, ಕ್ಯಾಪ್ಟನ್‌ರನ್ನು ಕೊನೆಯ ಸಾಲಿಗೆ ಕಳಿಸಿದಳು. ಅಲ್ಲಿ ಬೆಳ್ಳುಳ್ಳಿಯ ಗೋಣಿಚೀಲಗಳಿದ್ದವು.

ಮರುದಿನ ಕ್ಯಾಪ್ಟನ್ ಮೈದಾನಕ್ಕೆ ಬಂದಾಗ ಅವರ ಅಂಗಿ ಇನ್ನೂ ಬೆಳ್ಳುಳ್ಳಿ ನಾರುತ್ತಿತ್ತು.

"ಗಾಳಿ ಹೇಗಿತ್ತು?" ಎಂದೆ.

"ಪಕ್ಕದಿಂದ ಬೀಸ್ತಿತ್ತು. ಗುಡ್ಡದ ಅಂಚಿಂದ ಸುತ್ತಿ ಹೊಡೀತಿತ್ತು. ನಾನಾಗಿದ್ರೆ ಇನ್ನೊಂದು ಸುತ್ತು ಹಾಕ್ತಿದ್ದೆ."

"ಅವಳು?"

"ಚಕ್ರ ನೆಲ ಮುಟ್ಟಿದ್ದೇ ಗೊತ್ತಾಗಲಿಲ್ಲ. ಪಕ್ಕದವರು ಎದ್ದು ಚೀಲ ತೆಗೆದಾಗ ಗೊತ್ತಾಯ್ತು." ಬೆಂಚಿನ ಮೇಲಿದ್ದ ಎಣ್ಣೆ ಬಟ್ಟೆ ಎತ್ತಿಕೊಂಡರು. "ಚೆಲೊ ಮುಂದೆ ಕೂತು ಏನೇನೋ ಕೇಳ್ತಿದ್ಲು. ಹಾರೋ ಪಾಠ ಶುರು ಮಾಡಬೇಕಂತೆ ಅವಳಿಗೂ."

"ಮಾರಿವಿಕ್ ಹತ್ತಿರಾನಾ?"

"ನನ್ನ ಹತ್ತಿರ ಬೇಡ ಅಂದ್ಲು," ಎಂದು ಹೇಳಿ ಎಂಜಿನ್ನಿನ ಕೆಳಗೆ ತೂರಿಕೊಂಡರು.