ಜೀನು ಹೊಲಿಯುವ ಗೇನರ್‌ಳ ಹೊಸ ಬೈಕು

ಹೋದ ವರ್ಷ ಸೆಪ್ಟೆಂಬರಿನಲ್ಲಿ ಗೇನರ್ ಟ್ರೆಲೋರ್ ಬರ್ಡ್ಸ್‌ವಿಲ್ ಎಂಬ ಮರುಭೂಮಿ ದಾರಿಯ ಮರಳಿನಲ್ಲಿ ತನ್ನದೇ ಬೈಕಿನ ಅಡಿಗೆ ಸಿಕ್ಕಿ ನಾಲ್ಕು ಗಂಟೆ ಬಿದ್ದಿದ್ದಳು. ಎಡಗಾಲು ಬೈಕಿನ ಕೆಳಗಿತ್ತು, ಬಲ ಭುಜದ ಮೂಳೆ ಮುರಿದಿತ್ತು. ನೀರಿನ ಬಾಟಲಿ ಒಂದು ಗೇಣು ಆಚೆ ಬಿದ್ದು ಕೈಗೆ ಎಟುಕುತ್ತಿರಲಿಲ್ಲ. ಕೊನೆಗೆ ದನ ತುಂಬಿದ ಲಾರಿಯವನೊಬ್ಬ ಧೂಳೆಬ್ಬಿಸಿಕೊಂಡು ಬಂದವನು ದೂರದಿಂದಲೇ ನೋಡಿ ನಿಲ್ಲಿಸಿದ. ಅವನೊಬ್ಬನಿಂದಲೂ ಆ ಬೈಕು ಎತ್ತಲಾಗದೆ ಕಬ್ಬಿಣದ ಸರಳು ಕೊಟ್ಟು ಮೀಟಬೇಕಾಯಿತಂತೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಮಗಳು ಬ್ರಿಯೋನಿ ಅವಳಿಂದ ಮಾತು ತೆಗೆದುಕೊಂಡಳು. ಆ ಬೈಕನ್ನು ಇನ್ನು ಮುಟ್ಟಕೂಡದು. ಗೇನರ್ ಒಪ್ಪಿದಳು. ಬೈಕು ಮಾರಿದಳು. ಆಮೇಲೆ ಆರು ತಿಂಗಳು ಮಾತೇ ಆಡಲಿಲ್ಲ ಎಂದರೆ ನಡೆದೀತು.

ನಾನು ಕ್ವಾರ್ನ್ ಎಂಬ ಸಣ್ಣ ಊರಿನಲ್ಲಿ ಬ್ರೆಡ್ಡಿನ ಅಂಗಡಿ ನಡೆಸುವವನು. ನನ್ನ ಹಿಂದಿನ ಬೇಲಿಯ ಆಚೆಗೇ ಗೇನರ್‌ಳ ತಗಡಿನ ಶೆಡ್ಡು. ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಕುದುರೆಯ ಜೀನು ಹೊಲಿಯುತ್ತಾಳೆ. ಶೆಡ್ಡಿನಲ್ಲಿ ಹೊಲಿಯುವುದು ಅರ್ಧ ಕೆಲಸ ಮಾತ್ರ. ಉಳಿದರ್ಧ ಇರುವುದು ಉತ್ತರಕ್ಕೆ, ಒಂದೊಂದೂ ಒಂದು ತಾಲ್ಲೂಕಿನಷ್ಟು ದೊಡ್ಡದಾದ, ಸ್ಟೇಷನ್ನು ಎಂದು ಕರೆಯುವ ದನದ ಜಮೀನುಗಳಲ್ಲಿ. ದನ ಅಟ್ಟುವ ಕಾಲ ಶುರುವಾಗುವ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ, ಮೇಣ ಹಚ್ಚಿದ ದಾರ, ಸೂಜಿ, ತೊಗಲಿನ ತುಂಡುಗಳನ್ನು ಎರಡು ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದಳು. ಹೋದಲ್ಲಿ ಮೂರು ದಿನ, ನಾಲ್ಕು ದಿನ. ಹರಿದ ಜೀನು, ಕಿತ್ತ ಪಟ್ಟಿ, ಅಡುಗೆಯವಳ ಬೂಟು, ಯಾರದ್ದೋ ಅಕಾರ್ಡಿಯನ್ನಿನ ಚರ್ಮ, ಬಂದದ್ದೆಲ್ಲ ಹೊಲಿದು ಮುಂದಿನ ಸ್ಟೇಷನ್ನಿಗೆ.

ಕಾರಿನಲ್ಲಿ ಹೋಗಬಾರದಿತ್ತೆ ಎಂದು ಹೊಸಬರು ಕೇಳುತ್ತಾರೆ. ಹೋಗುತ್ತಿದ್ದಳು. ನೆಟ್ಟಗಿನ ದಾರಿ, ತಣ್ಣನೆ ಗಾಳಿ, ಮೆತ್ತನೆ ಸೀಟು. ಒಂದು ಮಧ್ಯಾಹ್ನ ಕೂತಲ್ಲೇ ಕಣ್ಣು ಮುಚ್ಚಿತು. ಎಚ್ಚರಾದಾಗ ಕಾರು ತಲೆಕೆಳಗಾಗಿತ್ತು. ಅವತ್ತಿನಿಂದ ದೂರದ ದಾರಿಗೆ ಬೈಕೇ. "ಬೈಕ್ ಮೇಲೆ ನಿದ್ದೆ ಬರಲ್ಲ ಕಣೋ, ಸೊಂಟ ಬಿಡಲ್ಲ" ಎನ್ನುತ್ತಿದ್ದಳು.

ಮಾರ್ಚ್ ಕೊನೆಯಲ್ಲಿ ಪೋರ್ಟ್ ಅಗಸ್ಟಾದ ಬೈಕಂಗಡಿಯ ಸ್ಪೈರೋ ಅವಳಿಗೆ ಫೋನು ಮಾಡಿದ. ಡಾಂಬರು ರಸ್ತೆಗೂ ಕಾಡುದಾರಿಗೂ ಆಗುವಂಥ ಹೊಸ ಬೈಕೊಂದು ಬಂದಿದೆ, ಒಂದೇ ಸಿಲಿಂಡರು, ಹಳೆಯದರ ಅರ್ಧದಷ್ಟೂ ಭಾರವಿಲ್ಲ, ಹದಿನೇಳು ಲೀಟರಿನ ಟ್ಯಾಂಕು, ಬಂದು ನೋಡು ಎಂದ. ನಾನೂ ಜೊತೆಗೆ ಹೋದೆ. ಬೈಕು ಸಪೂರವಾಗಿ, ಎತ್ತರವಾಗಿ ನಿಂತಿತ್ತು.

"ಇದರ ಮೇಲೆ ಐನೂರು ಕಿಲೋಮೀಟರ್ ಹೋದ್ರೆ ನನ್ನ ಹಲ್ಲೆಲ್ಲ ಉದುರ‍್ತವೆ" ಎಂದಳು ಗೇನರ್.

"ಮೊದಲು ಹತ್ತಿ ನೋಡು ಮಾರಾಯ್ತಿ. ಹಲ್ಲು ಉದುರಿದ್ರೆ ಕಟ್ಟಿಸ್ಕೊಡೋಣ" ಎಂದ ಸ್ಪೈರೋ.

"ಅಂಗಡಿ ಸುತ್ತ ಓಡಿಸಿದ್ರೆ ಎಲ್ಲಾ ಬೈಕೂ ಚೆನ್ನಾಗೇ ಇರುತ್ತೆ ಸ್ಪೈರೋ. ನಂಗೆ ಬೇಕಾಗಿರೋದು ಮೂರೇ. ಬಿದ್ರೆ ನಾನೊಬ್ಳೇ ಎತ್ತಬೇಕು. ಒಂದು ಟ್ಯಾಂಕಲ್ಲಿ ಸ್ಟೇಷನ್ ಮುಟ್ಟಬೇಕು. ಇಳಿದ ಮೇಲೆ ನನ್ನ ಕೈಗೆ ಸೂಜಿಯಲ್ಲಿ ದಾರ ಪೋಣಿಸೋಕೆ ಬರಬೇಕು. ಕೈ ಹೋದ್ರೆ ಹೊಟ್ಟೆ ಹೋದಂಗೆ."

ಸ್ಪೈರೋ ತಲೆ ಕೆರೆದುಕೊಂಡ. ಕೊನೆಗೆ, "ಎರಡು ವಾರ ತಗೊಂಡು ಹೋಗು. ಇದು ತೋರಿಸೋಕೆ ಇಟ್ಟಿರೋ ಗಾಡಿ. ಆಗಲ್ಲ ಅನ್ಸಿದ್ರೆ ವಾಪಸ್ ತಂದು ನಿಲ್ಸು, ಮುಖ ಸಿಂಡರಿಸಲ್ಲ" ಎಂದ.

ಮಗಳಿಗೆ ಹೇಳುವುದು ಅದಕ್ಕಿಂತ ಕಷ್ಟದ್ದಾಯಿತು. ಬ್ರಿಯೋನಿ ಅಡಿಲೇಡಿನಲ್ಲಿ ನರ್ಸು. ಮೂಳೆ ಮುರಿದವರನ್ನು ದಿನಾ ನೋಡುವವಳು. ಫೋನಿನಲ್ಲಿ ಅವಳ ದನಿ ನನ್ನ ಅಂಗಡಿಯ ಕಟ್ಟೆಯವರೆಗೂ ಕೇಳಿಸಿತು.

"ಅಮ್ಮಾ, ಮಾತು ಕೊಟ್ಟಿದ್ದೆ ನೀನು!"

"ಆ ಬೈಕ್ ಮುಟ್ಟಲ್ಲ ಅಂದಿದ್ದೆ. ಇದು ಬೇರೆ ಬೈಕು."

"ನಿಂಗೆ ಐವತ್ತೊಂಬತ್ತು!"

"ಹಂಗಾದ್ರೆ ಜೀನು ಹೊಲಿಯೋದನ್ನೂ ಬಿಡ್ಬೇಕಾ ಪುಟ್ಟಾ? ಈ ಆರು ತಿಂಗಳು ಶೆಡ್ಡಲ್ಲಿ ಕೂತು ಬೆಲ್ಟ್ ಹೊಲ್ದಿದ್ದೀನಿ. ಬರೀ ಬೆಲ್ಟು. ಆಗಲ್ಲ ಅನ್ಸಿದ್ರೆ ನಾನೇ ತಂದು ವಾಪಸ್ ಕೊಡ್ತೀನಿ. ನಿನ್ನ ಹತ್ರ ಹೇಳಿಸ್ಕೊಳ್ಳಲ್ಲ."

"ಹಂಗಾದ್ರೆ ದಿನಾ ಸಂಜೆ ಫೋನ್ ಮಾಡ್ಬೇಕು" ಎಂದಳು ಮಗಳು.

ಏಪ್ರಿಲ್ ಮೊದಲ ವಾರ ಗೇನರ್ ಹೊರಟಳು. ಮೊದಲ ದಿನ ಮರೀ ಊರಿನವರೆಗೆ, ಮುನ್ನೂರ ನಲವತ್ತು ಕಿಲೋಮೀಟರು, ಬಹುಪಾಲು ಡಾಂಬರು. ಮಧ್ಯಾಹ್ನದ ಹೊತ್ತಿಗೆ ಮರೀ ತಲುಪಿ, ತಂಗುವ ಮನೆಯ ಮುಂದಿನ ಬೆಂಚಿನ ಮೇಲೆ ಕೂತು ಚೀಲದಿಂದ ಸೂಜಿ ದಾರ ತೆಗೆದಳು. ದಾರ ಸೂಜಿಯ ಕಣ್ಣಿನ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಬೆರಳ ತುದಿಗಳಲ್ಲಿ ಜುಮುಜುಮು. ಸೂಜಿ ಬೆರಳಲ್ಲಿದೆಯೋ ಇಲ್ಲವೋ ಎಂಬುದೇ ತಿಳಿಯದು. ಹದಿನೈದು ನಿಮಿಷ ಹೆಣಗಿ, ಸೂಜಿಯನ್ನು ಡಬ್ಬಿಗೆ ಹಾಕಿದಳು. ನಾಳೆ ತಿರುಗಿ ಹೊರಡುವುದು, ಬೈಕು ವಾಪಸು, ಆಮೇಲೆ ಸಾಯುವತನಕ ಬೆಲ್ಟು. ಆಗ ತನಗೆ ಅಳುವೂ ಬರಲಿಲ್ಲ ಎಂದು ಅವಳು ನನ್ನ ಹತ್ತಿರ ಹೇಳಿದ್ದಾಳೆ.

ಮರೀಯಲ್ಲಿ ಡೆಸ್ ಎಂಬ ಮುದುಕನಿದ್ದಾನೆ. ಅಲ್ಲಿಗೆ ರೈಲು ಬರುತ್ತಿದ್ದ ಕಾಲದಲ್ಲಿ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಗೇನರ್‌ಳನ್ನು ಎಳೆಯ ವಯಸ್ಸಿನಿಂದ ಬಲ್ಲ. ಹೊಸ ಬೈಕು ಕಂಡು ಊರುಗೋಲು ಕುಟ್ಟುತ್ತ ಬಂದ.

"ಏನಮ್ಮಾ, ಯಾರಾದ್ರೂ ಸತ್ರಾ? ಮುಖ ನೋಡು."

ಗೇನರ್ ಕೈ ಚಾಚಿ ತೋರಿಸಿದಳು. "ನಡುಗುತ್ತೆ ಡೆಸ್ ಈ ಗಾಡಿ. ಕೈ ಸತ್ತು ಹೋಗಿದೆ."

"ಎಷ್ಟು ಜೋರಾಗಿ ಬಂದೆ?"

"ನೂರ ಹತ್ತು."

"ಅಯ್ಯೋ ನಿನ್ನ! ಆ ಹಳೇ ಆನೆ ಓಡಿಸ್ದಂಗೆ ಇದನ್ನೂ ಓಡಿಸ್ತಾರಾ? ಇದು ಕುದುರೆ ಮರಿ. ತೊಂಬತ್ತರಲ್ಲಿ ಹೋಗು, ಹಾಡು ಹೇಳ್ಕೊಂಡು ಹೋಗುತ್ತೆ." ಅಷ್ಟು ಹೇಳಿ ಅವಳ ಅಂಗೈ ತಿರುಗಿಸಿ ನೋಡಿದ. ಎರಡೂ ಅಂಗೈಯಲ್ಲಿ ಕೆಂಪು ಬರೆಗಳು ಎದ್ದಿದ್ದವು. "ಇದು ಗಾಡಿ ಮಾಡಿದ್ದಲ್ಲ ಮಗಳೇ. ಹ್ಯಾಂಡಲ್ ಕತ್ತು ಹಿಸುಕ್ದಂಗೆ ಹಿಡ್ಕೊಂಡು ಬಂದಿದ್ದೀಯ. ಗಾಡಿ ಅರ್ಧ ನಡುಗಿದೆ, ನೀನು ಅರ್ಧ ನಡುಗಿದ್ದೀಯ."

ಗೇನರ್‌ಗೆ ಗೊತ್ತಿತ್ತು. ಮೆಲ್ಲಗೆ, "ಹೌದು, ಹೆದರಿಕೆ ಆಯ್ತು. ಬೆಳಗ್ಗೆಯಿಂದ್ಲೂ" ಎಂದಳು. ಆರು ತಿಂಗಳಲ್ಲಿ ಅವಳು ಆ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ. ಮಗಳ ಹತ್ತಿರವಂತೂ ಇಲ್ಲ.

"ಆಗದೆ ಇರುತ್ತಾ? ನಾಲ್ಕು ಗಂಟೆ ಬಿದ್ದಿದ್ದೆ. ಏಳು, ಕೆಲಸ ಇದೆ."

ಡೆಸ್ ತನ್ನ ಕೊಟ್ಟಿಗೆಯಿಂದ ಕೋವಿಗೆ ಹಾಕುವ ಸಣ್ಣ ಸೀಸದ ಗುಂಡಿನ, ಅಂದರೆ ಚೆರೆಯ, ಹಳೆಯ ಡಬ್ಬಿ ತಂದ. ಇಬ್ಬರೂ ಸೇರಿ ಹ್ಯಾಂಡಲಿನ ತುದಿಯ ಮುಚ್ಚಳ ಬಿಚ್ಚಿ, ಕೊಳವೆಯೊಳಗೆ ಆ ಚೆರೆ ತುಂಬಿ, ರಬ್ಬರಿನ ಬಿರಡೆ ಹೊಡೆದರು. ಕೊಳವೆ ಭಾರವಾದರೆ ನಡುಕ ಕೈವರೆಗೆ ಬರುವುದು ಕಡಿಮೆಯಾಗುತ್ತದಂತೆ.

"ಅಂಗಡಿಯವನ ಗಾಡಿ ಡೆಸ್ ಇದು. ಅವನು ಏನಂತಾನೋ!"

"ಹೇಳ್ಬೇಡ. ಕೇಳಿದ್ರೆ ಮರೀ ಕಡೆ ಗಾಳೀಲಿ ಬಂದು ಸೇರ‍್ಕೊಂತು ಅನ್ನು."

ಮರುದಿನ ಬೆಳಗ್ಗೆ ಟ್ಯಾಂಕು ತುಂಬಿಸಿ ಉತ್ತರಕ್ಕೆ ಹೊರಟಳು. ಹೋಗಬೇಕಾದದ್ದು ಕಲಾರಿ ಕ್ರೀಕ್ ಎಂಬ ಸ್ಟೇಷನ್ನಿಗೆ, ಇನ್ನೂರ ನಲವತ್ತು ಕಿಲೋಮೀಟರು. ಡಾಂಬರು ಮುಗಿದು ಕೆಂಪು ಕಲ್ಲಿನ ದಾರಿ. ಟೈರಿನ ಗಾಳಿ ಸ್ವಲ್ಪ ಇಳಿಸಿದಳು. ಹ್ಯಾಂಡಲನ್ನು ಸಡಿಲವಾಗಿ ಹಿಡಿಯಬೇಕೆಂದು ಬಾಯಿಬಿಟ್ಟೇ ಹೇಳಿಕೊಳ್ಳುತ್ತಿದ್ದಳು. ಕಲ್ಲಿನ ಮೇಲೆ ಬೈಕು ಚೆನ್ನಾಗಿ ಹೋಯಿತು. ಗುಂಡಿ ಕಂಡಾಗ ಎದ್ದು ನಿಂತರೆ ಸಾಕು, ಅದೇ ದಾರಿ ಹುಡುಕಿಕೊಳ್ಳುತ್ತಿತ್ತು. ಸೀಟು ಮಾತ್ರ ಹಲಗೆ. ನೂರು ಕಿಲೋಮೀಟರಿಗೇ ಕೂರಲಾಗದೆ ಇಳಿದು ಓಡಾಡಿದಳು.

ನೂರ ಎಪ್ಪತ್ತರ ಸುಮಾರಿಗೆ ಮರಳು ಬಂತು. ಹಿಂದಿನ ವಾರದ ಗಾಳಿ ದಾರಿಗೆ ಅಡ್ಡಲಾಗಿ ಗುಡ್ಡೆ ಹಾಕಿತ್ತು. ಮರಳು ಕಂಡದ್ದೇ ಅವಳ ಕೈ ತಾನಾಗಿ ಬಿಗಿಯಿತು, ವೇಗ ಇಳಿಯಿತು. ಮರಳಿನಲ್ಲಿ ಮಾಡಬಾರದ್ದು ಅದೇ. ಮುಂದಿನ ಚಕ್ರ ಹೂತು ಪಕ್ಕಕ್ಕೆ ತಿರುಗಿತು. ಬೈಕು ಬಲಕ್ಕೆ, ಅವಳು ಅದರಾಚೆಗೆ.

ಕಾಲು ಹೊರಗಿತ್ತು. ಭುಜ ಆಡಿಸಿ ನೋಡಿದಳು, ಆಡಿತು. ನೀರು ಚೀಲದಲ್ಲಿತ್ತು, ಕೈಗೆ ಸಿಕ್ಕಿತು. ಕುಡಿದಳು. ಸುತ್ತ ನೊಣಗಳ ಸದ್ದು ಬಿಟ್ಟರೆ ಏನಿಲ್ಲ. ದಾರಿಯ ಎರಡು ಕಡೆಗೂ ಧೂಳು ಕಾಣಲಿಲ್ಲ, ಅಂದರೆ ಯಾರೂ ಬರುತ್ತಿಲ್ಲ.

ಆತುರ ಪಡಲಿಲ್ಲ. ಚೀಲಗಳನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ಬೈಕು ಆಚೆಗೆ ಉರುಳದಂತೆ ಮೊದಲೇ ಸ್ಟ್ಯಾಂಡ್ ಎಳೆದು ಬಿಟ್ಟಳು, ಗೇರಿಗೆ ಹಾಕಿದಳು. ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು ಕಾಲಿನಿಂದ ನೂಕಿದಳು. ಹಿಮ್ಮಡಿ ಮರಳಿನಲ್ಲಿ ಜಾರಿ ಕುಂಡೆ ನೆಲಕ್ಕೆ ಬಿತ್ತು. ಕಾಲಿಟ್ಟ ಜಾಗದಲ್ಲಿ ಮರಳು ಕೆರೆದು ಗಟ್ಟಿ ನೆಲ ಸಿಗುವತನಕ ತೋಡಿ, ಮತ್ತೆ ಬೆನ್ನು ಕೊಟ್ಟಳು. ಈ ಸಲ ಬೈಕು ಎದ್ದಿತು. ಹಿಂದೆ ಹಿಂದೆ ಪುಟ್ಟ ಹೆಜ್ಜೆ ಇಟ್ಟಳು. ಬೈಕು ಅವಳ ಬೆನ್ನ ಜೊತೆಗೇ ಏರುತ್ತ ಏರುತ್ತ ಬಂದು ಸ್ಟ್ಯಾಂಡಿನ ಮೇಲೆ ವಾಲಿ ನಿಂತಿತು.

"ಆಗ ಅಳು ಬಂತು ನೋಡು" ಎಂದಳು ನನಗೆ. "ಹೆಲ್ಮೆಟ್ ಕೂಡ ತೆಗೀದೆ ನಿಂತ್ಕೊಂಡು ಅತ್ತೆ. ಒಳಗೆಲ್ಲ ಒದ್ದೆ. ಒಂದು ನೊಣ ಬೇರೆ ಒಳಗೆ ಸೇರ‍್ಕೊಂಡಿತ್ತು."

ಉಳಿದ ಮರಳನ್ನು ನಿಂತುಕೊಂಡೇ, ನಿಲ್ಲಿಸದೆ ದಾಟಿದಳು. ಕಲಾರಿ ಕ್ರೀಕ್ ತಲುಪಿದಾಗ ಮೂರು ಗಂಟೆ. ಸ್ಟೇಷನ್ನಿನ ಅಡುಗೆಯ ಟಾನ್ಯಾ ಹೊಸ್ತಿಲಿಂದಲೇ ಕೂಗಿದಳು:

"ಬಂದ್ಯಾ ಮಹಾರಾಯ್ತಿ! ಇಲ್ಲಿ ಗಂಡಸ್ರೆಲ್ಲ ಹಗ್ಗ ಕಟ್ಟಿದ ಜೀನಿನ ಮೇಲೆ ಕೂತು ಕೂತು ಕಾಲಗಲಿಸಿ ನಡೀತಿದಾರೆ. ಮೊದ್ಲು ಟೀ ಕುಡಿ."

"ಟೀ ಆಮೇಲೆ. ಒಂದು ಕಡ್ಡಿ ಕೊಡು."

ಕಡ್ಡಿಯನ್ನು ಟ್ಯಾಂಕಿಗೆ ಅದ್ದಿ ನೋಡಿದಳು. ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಪೆಟ್ರೋಲು ಉಳಿದಿತ್ತು. ಆಮೇಲೆ ಅಡುಗೆಮನೆಯ ಮೇಜಿಗೆ ಕೂತು ಸೂಜಿ ತೆಗೆದಳು. ಟಾನ್ಯಾ ಏನೆಂದು ಕೇಳುವಷ್ಟರಲ್ಲಿ ದಾರ ಒಳಗೆ ಹೋಗಿತ್ತು. ಅದನ್ನು ಎಳೆದು ಬಿಸಾಕಿ ಮತ್ತೊಮ್ಮೆ ಪೋಣಿಸಿದಳು. ಮತ್ತೊಮ್ಮೆ.

"ತಲೆಗೇನಾದ್ರೂ ಪೆಟ್ಟು ಬಿತ್ತೇನೇ?" ಎಂದಳು ಟಾನ್ಯಾ.

"ಇಲ್ಲ ಕಣೇ. ಟೀ ಕೊಡೀಗ. ಎರಡು ಲೋಟ."

ಆ ಸಂಜೆ ಮಗಳಿಗೆ ಫೋನು ಮಾಡಿ, ಬಿದ್ದದ್ದನ್ನೂ ಎತ್ತಿದ್ದನ್ನೂ ಎರಡನ್ನೂ ಹೇಳಿದಳು. ಬ್ರಿಯೋನಿ ಬಯ್ಯಲಿಲ್ಲ. "ಭುಜ?" ಎಂದಳು. "ಇದೆ" ಎಂದಳು ಗೇನರ್. ಆ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತಂತೆ. "ನಿಂಗೆ ಏನೂ ಆಗಿಲ್ಲ ಅಂತ ನೀನು ಸುಳ್ಳು ಹೇಳ್ತೀಯ ಅಂತ್ಲೇ ನಂಗೆ ಹೆಚ್ಚು ಭಯ ಇದ್ದಿದ್ದು ಅಮ್ಮಾ. ಹೀಗೆ ಹೇಳಿದ್ರೆ ಸಾಕು" ಎಂದಳು ಮಗಳು.

ಹನ್ನೊಂದು ದಿನದಲ್ಲಿ ಮೂರು ಸ್ಟೇಷನ್ನು ಮುಗಿಸಿ ಬಂದಳು. ಕೆಂಪು ಧೂಳು ಮೆತ್ತಿದ ಬೈಕನ್ನು ಸ್ಪೈರೋನ ಅಂಗಡಿ ಮುಂದೆ ನಿಲ್ಲಿಸಿದಾಗ ಅವನು ಸುತ್ತು ಹಾಕಿ ನೋಡಿದ.

"ಹೇಳು. ಏನೇನು ಸರಿಯಿಲ್ಲ?"

"ಸೀಟಿನ ಮೇಲೆ ನಾಯಿನೂ ಕೂರಲ್ಲ. ಎದುರುಗಾಳಿಗೆ ಕತ್ತು ನೋಯುತ್ತೆ. ಸ್ಟ್ಯಾಂಡಿನ ಪಾದ ಚಿಕ್ಕದು, ಮರಳಲ್ಲಿ ಹೂತ್ಕೊಳ್ಳುತ್ತೆ. ಲಾರಿ ಹಿಂದಿಕ್ಕೋಕೆ ಉಸಿರು ಸಾಲದು."

ಸ್ಪೈರೋನ ಮುಖ ಇಳಿಯಿತು. "ಹಂಗಾದ್ರೆ ಒಳಗೆ ತಳ್ಳಲಾ?"

"ಮುಟ್ಟಬೇಡ! ನನ್ನ ಬೈಕ್ ಮೇಲೆ ಕೈ ಇಟ್ರೆ ನೋಡು! ಕಾಗದ ತಾ, ಸಹಿ ಹಾಕ್ತೀನಿ. ಆಮೇಲೆ ಹ್ಯಾಂಡಲ್ ಒಳಗೆ ಎರಡು ಹಿಡಿ ಸೀಸ ಇದೆ, ಅದನ್ನ ಕೇಳ್ಬೇಡ."

ಅವತ್ತು ಮಧ್ಯಾಹ್ನ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಗೇನರ್ ಎರಡು ಮಾಂಸದ ಪೈ ತಿಂದಳು, ಮೂರನೆಯದನ್ನು ಕೇಳಿದಳು. ಆರು ತಿಂಗಳಿಂದ ಬೇಲಿಯ ಆಚೆಯಿಂದ ಕೇಳಿಸದಿದ್ದ ಅವಳ ಮಾತು ಅವತ್ತು ನಿಲ್ಲಲೇ ಇಲ್ಲ. ಅಂಗಡಿಗೆ ಬಂದವರೆಲ್ಲ ಅವಳನ್ನು ದಾಟಿಕೊಂಡೇ ಒಳಗೆ ಬರಬೇಕಾಯಿತು. ಸೀಟಿಗೆ ಹೊದಿಸಲು ಒಳ್ಳೆಯ ಕುರಿತೊಗಲು ಯಾರ ಹತ್ತಿರ ಸಿಕ್ಕೀತೆಂದು ಅವರೆಲ್ಲರನ್ನೂ ಕೇಳಿದಳು. ನಾಲ್ಕನೆಯವನು, ಕಾರ‍್ಟನ್ ಊರಿನ ಕಡೆಯ ಕುರಿ ಸಾಕುವವನು, ಇದೆ ಎಂದ.