ಗಿರಿಜಕ್ಕನ ಮೇಲೆ ಹೊರಿಸಿದ ಮಾತು

ಗಿರಿಜಕ್ಕನ ಕಣ್ಣು ಬಿದ್ದು ನನ್ನ ಹೊಟ್ಟೆಯ ಕೂಸು ಹೋಯಿತು ಎಂದು ಮೊದಲು ಹೇಳಿದವಳು ನಾನು. ಅದು ಸುಳ್ಳು. ಹೇಳುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು.

ನಾನು ಡಾಕ್ಟರು. ಆಗಲೂ ನಾವು ಇಂಗ್ಲೆಂಡಿನ ಇದೇ ವುಲ್ವರ್‌ಹ್ಯಾಂಪ್ಟನ್‌ನಲ್ಲಿದ್ದೆವು, ಮಗಳಿನ್ನೂ ನರ್ಸರಿಯಲ್ಲಿದ್ದಳು. ಗಿರಿಜಕ್ಕ ವಿಜಯಪುರದ ಕಡೆಯವರು, ನಮ್ಮದೇ ಬೀದಿಯಲ್ಲಿ ತಮ್ಮನ ಮನೆಯಲ್ಲಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಮಾತು ಸ್ವಲ್ಪ ಒರಟು. ನನ್ನ ಡ್ಯೂಟಿ ಮುಗಿಯುವವರೆಗೆ ಮಗಳಿಗೆ ಉಣಿಸಿ ಮಲಗಿಸುತ್ತಿದ್ದವರು ಅವರೇ.

ಎರಡನೆಯ ಬಸುರಿಗೆ ಐದು ತಿಂಗಳಾದಾಗ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದರು. ಬೆಳಗಿನಿಂದ ಹೋಳಿಗೆ ಬೇಯಿಸಿದ ಗಿರಿಜಕ್ಕ ಕೊನೆಗೆ ಅಡುಗೆಮನೆಯಿಂದ ಬಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ತಣ್ಣಗಿರವ್ವಾ" ಅಂದರು. ಮರುದಿನ ಕೂಸು ಹೋಯಿತು.

ನಿಜ ಇಷ್ಟು — ಕುಬಸಕ್ಕೆ ಮೊದಲೇ ನನಗೆ ಜ್ವರವಿತ್ತು, ಗರ್ಭದ ನೀರು ಸೋರುತ್ತಿತ್ತು. ಬೇರೆ ಯಾವ ಹೆಂಗಸು ಹಾಗೆ ಬಂದಿದ್ದರೂ ಆ ಕ್ಷಣವೇ ವಾರ್ಡಿಗೆ ಸೇರಿಸುತ್ತಿದ್ದೆ. ನಾನು ಮಾತ್ರ ಮಾತ್ರೆ ನುಂಗಿ ಕೆಲಸಕ್ಕೆ ಹೋದೆ. ಡ್ಯೂಟಿಯ ಪಾಳಿ ಬದಲಿಸಿ ಎಂದು ಕೇಳಲು ಹಟ ಅಡ್ಡಬಂತು, ಕುಬಸ ನಿಲ್ಲಿಸಲು ನಾಚಿಕೆ. ಬೇಗ ಹೋಗಿದ್ದರೆ ಕೂಸು ಉಳಿಯುತ್ತಿತ್ತೇ — ಹೇಳಲಾರೆ. ಆದರೆ ಗಂಡನಿಗೂ ಇದನ್ನು ಹೇಳಲಿಲ್ಲ.

ಸಮಾಧಾನ ಹೇಳಲು ನಮ್ಮ ಕನ್ನಡದ ಹೆಂಗಸರು ಬಂದು ಕೂತಿದ್ದರು. ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಎಲ್ಲರೆದುರು ಕೇಳಿದರು: "ತ್ರಾಸು ಯಾವಾಗ ಚಾಲೂ ಆತವ್ವಾ?"

"ಗಿರಿಜಕ್ಕ ಹೊಟ್ಟಿ ಮುಟ್ಟಿದ ಮ್ಯಾಲ," ಅಂದೆ. "ಅವರ ಕಣ್ಣ ಬಿತ್ತೇನೋ."

ಯಾರೂ ಅಲ್ಲಗಳೆಯಲಿಲ್ಲ. ಓದಿದವರು, ಕೆಲಸದಲ್ಲಿದ್ದವರು — ಒಬ್ಬರಿಗೆ ಗಿರಿಜಕ್ಕ ಬಂದುಹೋದ ಮೇಲೆ ಮಗುವಿಗೆ ಬಂದ ಫಿಟ್ಸ್ ನೆನಪಾಯಿತು, ಇನ್ನೊಬ್ಬರಿಗೆ ಮುರಿದುಬಿದ್ದ ಮದುವೆಯ ಸಂಬಂಧ. ಕಣ್ಣು ಎಂದದ್ದು ಕೆಲವೇ ವಾರಗಳಲ್ಲಿ ಮಾಟವಾಯಿತು. ಹಬ್ಬದೂಟದಲ್ಲಿ ಗಿರಿಜಕ್ಕ ತಂದ ಪಾಯಸದ ಪಾತ್ರೆ ಮುಚ್ಚಿದ ಹಾಗೆಯೇ ಉಳಿಯಿತು. ನಾನೂ ಬಡಿಸಿಕೊಳ್ಳಲಿಲ್ಲ. ಕೊನೆಗೆ ತಮ್ಮನ ಹೆಂಡತಿ ತನ್ನ ಕೂಸನ್ನೂ ಅವರ ಕೈಗೆ ಕೊಡದಾದಾಗ ಗಿರಿಜಕ್ಕ ಲೀಡ್ಸ್‌ಗೆ ಹೊರಟುಹೋದರು. ನನ್ನ ಮಗಳು ಬಹಳ ದಿನ ಅವರನ್ನು ಕೇಳಿ ಅಳುತ್ತಿದ್ದಳು.

ಅದೇ ಮಗಳು ದೊಡ್ಡವಳಾಗಿ, ಶಾಲೆಯಲ್ಲಿ ಹೇಳಿಕೊಟ್ಟದ್ದನ್ನು ಒಂದು ದಿನ ಊಟದ ಹೊತ್ತಿಗೆ ಹೇಳುತ್ತಿದ್ದಳು — ನಾಲ್ಕು ಶತಮಾನದ ಹಿಂದೆ ಇದೇ ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ, ಮಕ್ಕಳೋ ದನವೋ ಸತ್ತರೆ, ಮುದುಕಿಯರನ್ನು ಮಾಟಗಾತಿಯರೆಂದು ವಿಚಾರಣೆ ಮಾಡಿ ನೇಣು ಹಾಕಿದ್ದರಂತೆ. ಸಾಕ್ಷಿಗೆ ಅಕ್ಕಪಕ್ಕದವರ ಮಾತೇ ಸಾಕಾಗಿತ್ತಂತೆ. "ಸಮ್‌ಬಡಿ ಹ್ಯಾಡ್ ಟು ಸೇ ಇಟ್ ಫಸ್ಟ್, ಅಮ್ಮಾ," ಅಂದಳು — ಯಾರೋ ಒಬ್ಬರು ಅದನ್ನು ಮೊದಲು ಹೇಳಿರಲೇಬೇಕಲ್ಲ ಎಂದು.

ಆ ರಾತ್ರಿ ಗಿರಿಜಕ್ಕನ ವಿಳಾಸ ಹುಡುಕಿದೆ.

ಆ ಶನಿವಾರ ಲೀಡ್ಸ್‌ಗೆ ಹೋದೆ. ಗಿರಿಜಕ್ಕ ಅಲ್ಲಿನ ಹೆಡಿಂಗ್ಲೀ ಬಡಾವಣೆಯಲ್ಲಿ ಒಂದು ಕೋಣೆಯಲ್ಲಿದ್ದರು. ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ. ಕೂದಲು ಪೂರಾ ಬೆಳ್ಳಗಾಗಿತ್ತು. ಜ್ವರ, ನೀರು, ಸುಳ್ಳು — ಒಂದೂ ಬಿಡದೆ ಹೇಳಿದೆ.

ಗಿರಿಜಕ್ಕ ಅಂದರು: "ನಾ ಏನೂ ಮಾಡಿಲ್ಲ ಅಂತ ನನಗ ಗೊತ್ತೇ ಇತ್ತಲ್ಲ. ನನಗ್ಯಾಕ ಹೇಳ್ತಿ? ಗೊತ್ತಿಲ್ಲದವರಿಗೆ ಹೇಳು."

ಚಹಾ ಕೊಡಲಿಲ್ಲ. ಕ್ಷಮಿಸಿದೆ ಎನ್ನಲೂ ಇಲ್ಲ.

ಯುಗಾದಿಗೆ ನಮ್ಮವರೆಲ್ಲ ಹಾಲ್‌ನಲ್ಲಿ ಸೇರಿದ್ದಾಗ ಮೈಕ್ ಕೇಳಿ ತೆಗೆದುಕೊಂಡು ಎಲ್ಲವನ್ನೂ ಹೇಳಿದೆ. ಗಂಡ ಅಲ್ಲೇ, ಎಲ್ಲರ ನಡುವೆ, ಮೊದಲ ಸಲ ಅದನ್ನು ಕೇಳಿದ — ಅದೂ ನನ್ನ ತಪ್ಪೇ. "ಈಗ್ಯಾಕ ಆ ಹಳೇ ಮಾತು?" ಎಂದು ಯಾರೋ ಅಂದರು. ಗಿರಿಜಕ್ಕನ ತಮ್ಮ ಎದ್ದು ಹೊರಗೆ ಹೋದ. ಅವನ ಹೆಂಡತಿ ತಲೆ ಎತ್ತಲಿಲ್ಲ.

ಗಿರಿಜಕ್ಕ ಮತ್ತೆ ಈ ಊರಿಗೆ ಬಂದಿಲ್ಲ. ಬನ್ನಿ ಎಂದು ಕರೆಯುವ ಬಾಯಿ ನನಗಿಲ್ಲ.