ನೆರೆ ಬಂದಾಗ ಏನು ಮಾಡಬೇಕು

ಫೋನು ಒಮ್ಮೆ ಬಡಿದುಕೊಂಡು ಸುಮ್ಮನಾಯಿತು. ನಾನು ಮೂಡುಬಿದಿರೆಯ ನಮ್ಮ ಮನೆಯ ತಾರಸಿಯಲ್ಲಿದ್ದೆ. ಮಳೆಗಾಲದ ನಡುವೆ ಅಪರೂಪಕ್ಕೆ ಬಿದ್ದ ಬಿಸಿಲು, ಡಬ್ಬದೊಳಗೆ ಮೆತ್ತಗಾಗಿದ್ದ ಹಪ್ಪಳಗಳನ್ನೆಲ್ಲ ಮತ್ತೊಮ್ಮೆ ಹರಡಿಕೊಂಡು ಕಾಗೆ ಕಾಯುತ್ತಿದ್ದೆ. ಮಿಸ್ಡ್ ಕಾಲ್ ಬಂದರೆ ಜನ ಸಿಡುಕುತ್ತಾರೆ, ಯಾರೋ ಜಿಪುಣರು ಎಂದುಕೊಳ್ಳುತ್ತಾರೆ. ನೀವೂ ಹಾಗೆಯೇ ಇರಬಹುದು. ನನಗೆ ಮಾತ್ರ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಒಂದು. ಆಮೇಲೆ ಎರಡನೆಯದಕ್ಕೆ ಕಾಯುತ್ತೇನೆ. ಈ ಅಭ್ಯಾಸ ಹೇಗೆ ಬಂತೆಂದು ಹೇಳುತ್ತೇನೆ, ಹಪ್ಪಳ ಒಣಗುವವರೆಗೆ ನಮಗಿಬ್ಬರಿಗೂ ಪುರುಸೊತ್ತು ಇದೆಯಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ನನ್ನನ್ನು ಒಂದು ಸಂಸ್ಥೆಯವರು ತರಬೇತಿ ಕೊಡಲು ಕರೆದರು. ನದಿ ದಂಡೆಯ ಮೀನುಗಾರರಿಗೂ ಘಟ್ಟದ ಬುಡದ ರೈತರಿಗೂ ಪ್ರವಾಹ, ಗುಡ್ಡ ಕುಸಿತ ಇತ್ಯಾದಿಗಳಿಗೆ ಮೊದಲೇ ಸಿದ್ಧರಾಗುವುದನ್ನು ಹೇಳಿಕೊಡಬೇಕು. ನನಗೆ ಈಜು ಬಾರದು, ದೋಣಿಯಲ್ಲಿ ಕೂತರೆ ತಲೆ ಸುತ್ತುತ್ತದೆ. ಆದರೆ ಚಾರ್ಟ್ ಬರೆಯಲು ನನ್ನಷ್ಟು ಚಂದದ ಅಕ್ಷರ ಯಾರದ್ದು? ಆ ಒಂದು ಜಂಬದಲ್ಲಿ ಒಪ್ಪಿಕೊಂಡೆ.

ಬಂಟ್ವಾಳದ ಹತ್ತಿರ, ನೇತ್ರಾವತಿಯ ದಂಡೆಯ ಒಂದು ಅಂಗಳದಲ್ಲಿ ಮೊದಲ ತರಗತಿ. ‘ನೆರೆ ಬಂದಾಗ ಏನು ಮಾಡಬೇಕು’ ಎಂದು ಕೆಂಪು ಶಾಯಿಯಲ್ಲಿ ಬರೆದ ಚಾರ್ಟನ್ನು ಗೋಡೆಗೆ ತೂಗು ಹಾಕಿದೆ. ಕೆಳಗೆ, ‘ತಡಮಾಡದೆ ಎತ್ತರದ ಸ್ಥಳಕ್ಕೆ ತೆರಳಿರಿ.’ ಮುಂದಿನ ಸಾಲಿನಲ್ಲಿ ಕೂತಿದ್ದ ಸೇಸಪ್ಪಣ್ಣ ಅದನ್ನು ನಿಧಾನವಾಗಿ ಓದಿ ಎದ್ದು ನಿಂತರು. ಹೊಳೆಯಲ್ಲಿ ಬಲೆ ಬೀಸಿಯೇ ಅರುವತ್ತು ಮುಟ್ಟಿದವರು. ಊರವರೊಂದಿಗೆಲ್ಲ ತುಳುವಾದರೂ ಟೀಚರ ಹತ್ತಿರ ಕನ್ನಡದಲ್ಲೇ ಮಾತಾಡಬೇಕು ಎಂಬುದು ಅವರ ನಿಯಮ.

“ಒಂದು ಸಂಶಯ ಉಂಟು ಟೀಚರ್. ನಾವು ತುಳುವಿನಲ್ಲಿ ಬೊಳ್ಳ ಅಂತೇವೆ. ಬೊಳ್ಳ ಅಂದ್ರೆ ಬೊಳ್ಳವೇ, ಬೇರೆ ಎಂತದೂ ಅಲ್ಲ. ನಿಮ್ಮ ಕನ್ನಡದಲ್ಲಿ ಹೊಳೆ ಏರಿ ಬಂದ್ರೂ ನೆರೆ, ಆಚೆಮನೆಯವರು ಬಂದ್ರೂ ನೆರೆ. ಯಾರು ಬಂದಾಗ ಗುಡ್ಡೆ ಹತ್ತುವುದು?”

ಅಂಗಳವೆಲ್ಲ ನಕ್ಕಿತು. ಮೂವತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ನನ್ನನ್ನು ಹೀಗೆ ಕಟ್ಟಿಹಾಕಿರಲಿಲ್ಲ. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ತಮಾಷೆ ಮುಗಿದ ಮೇಲೆ ಅವರು ಹೇಳಿದ್ದು ತಮಾಷೆಯಾಗಿರಲಿಲ್ಲ. ಹಿಂದೊಂದು ಮಳೆಗಾಲದಲ್ಲಿ ಅವರ ದೋಣಿ ಹೋಗಿತ್ತು. ದೋಣಿ ಕಟ್ಟಿದ್ದ ಹಗ್ಗ ಮಾತ್ರ ತೆಂಗಿನ ಮರದಲ್ಲಿ ಉಳಿದಿತ್ತು. “ಅವತ್ತು ಇಲ್ಲಿ ಬಿಸಿಲು ಟೀಚರ್. ನಾನು ಬಲೆ ಒಣಗಿಸ್ಲಿಕ್ಕೆ ಹಾಕಿದ್ದೆ. ಮಳೆ ಬಂದದ್ದು ಘಟ್ಟದಲ್ಲಿ. ನೀವು ಎಷ್ಟು ಚಾರ್ಟ್ ಹಾಕಿದ್ರೂ, ಮೇಲಿನ ಸುದ್ದಿ ನಮಗೆ ಹೇಳುವವರು ಬೇಕಲ್ಲ?” ಎರಡನೆಯ ದೋಣಿ ಮಾಡಿಸಲು ಅವರಿಗೆ ಆರು ವರ್ಷ ಹಿಡಿಯಿತಂತೆ. ಮೂರನೆಯದಕ್ಕೆ ವಯಸ್ಸೂ ಇಲ್ಲ, ಮನಸ್ಸೂ ಇಲ್ಲ ಎಂದರು.

ಮುಂದಿನ ವಾರ ಬೆಳ್ತಂಗಡಿಯಿಂದ ಇನ್ನೂ ಮೇಲಿನ ಒಂದು ಹಳ್ಳಿಯಲ್ಲಿ ರೈತರಿಗೆ ತರಗತಿ. ಸುನಂದಕ್ಕ ಸಿಕ್ಕಿದ್ದು ಅಲ್ಲಿ. ಜೈನರ ಮನೆಯ ಹೆಣ್ಣುಮಗಳು, ಗದ್ದೆಯ ಕೆಲಸವನ್ನೆಲ್ಲ ತಾನೇ ಮುಂದೆ ನಿಂತು ನೋಡಿಕೊಳ್ಳುವವರು. ಹೊಳೆ ಬದಿಯ ಪಂಪನ್ನು ಯಾವಾಗ ಮೇಲೆ ತರುತ್ತೀರಿ ಎಂದು ಕೇಳಿದ್ದಕ್ಕೆ, “ಬಟ್ಟೆ ಒಗೆಯುವ ಕಲ್ಲು ನೋಡಿ” ಎಂದರು. “ಕಲ್ಲಿನ ಅರ್ಧಕ್ಕೆ ನೀರು ಬಂದ್ರೆ ಪಂಪು ಬಿಚ್ಚುವುದು. ಕಲ್ಲು ಮುಳುಗಿದ್ರೆ ಹಟ್ಟಿಯ ದನಗಳನ್ನು ಬಿಚ್ಚುವುದು. ಅತ್ತೆಯ ಕಾಲದಿಂದಲೂ ಹಾಗೆಯೇ.”

ಆ ಕಲ್ಲನ್ನು ಮುಳುಗಿಸಿದ ನೀರೇ, ನಾವು ಊಟ ಮಾಡಿ ಒಂದು ನಿದ್ದೆ ತೆಗೆಯುವ ಹೊತ್ತಿಗೆ, ಕೆಳಗೆ ಸೇಸಪ್ಪಣ್ಣನ ದೋಣಿಯನ್ನು ತಲುಪುತ್ತದೆ. ನನಗೆ ಹೊಳೆದದ್ದು ಇಷ್ಟೇ. ಒಬ್ಬರ ನಂಬರನ್ನು ಇನ್ನೊಬ್ಬರಿಗೆ ಕೊಟ್ಟೆ. ಸುನಂದಕ್ಕನ ಮನೆಯಲ್ಲಿ ರೇಂಜ್ ಇಲ್ಲ, ಗುಡ್ಡೆ ಹತ್ತಿ ಮಾತಾಡಿದರೂ ಅರ್ಧಕ್ಕೆ ತುಂಡಾಗುತ್ತದೆ. ಸಾಲದ್ದಕ್ಕೆ, “ಗುರುತಿಲ್ಲದವರ ಹತ್ತಿರ ಎಂತ ಮಾತಾಡುವುದು?” ಎಂಬ ಸಂಕೋಚ. ಹಾಗಾಗಿ ಮಿಸ್ಡ್ ಕಾಲ್ ಸಾಕೆಂದಾಯಿತು. ಒಂದು ಬಂದರೆ ಕಲ್ಲಿನ ಅರ್ಧಕ್ಕೆ ನೀರು, ಹೊಳೆಯ ಮೇಲೆ ಕಣ್ಣಿಡುವುದು. ಮೂರು ಬಂದರೆ ಕಲ್ಲು ಮುಳುಗಿದೆ, ದೋಣಿಯನ್ನು ದಂಡೆಯ ಮೇಲಕ್ಕೆ ಎಳೆಯುವುದು. ಸಂಸ್ಥೆಯ ವರದಿಯಲ್ಲಿ ಇದನ್ನು ನಾನು ‘ಸಮುದಾಯಾಧಾರಿತ ಮುನ್ಸೂಚನಾ ವ್ಯವಸ್ಥೆ’ ಎಂದು ಬರೆದೆ. ಚಪಲ, ಏನು ಮಾಡುವುದು.

ಜುಲೈಯಲ್ಲಿ ಒಂದು ದಿನ ಮೂರು ಕರೆ ಬಂದವು. ಬಂಟ್ವಾಳದಲ್ಲಿ ಚುರುಗುಟ್ಟುವ ಬಿಸಿಲು. ಸೇಸಪ್ಪಣ್ಣ ನಾಲ್ಕು ಜನರನ್ನು ಸೇರಿಸಿ ದೋಣಿ ಎಳೆಯುವಾಗ ದಂಡೆಯವರೆಲ್ಲ “ದೋಣಿಗೂ ಹಪ್ಪಳದ ಹಾಗೆ ಬಿಸಿಲು ಕಾಯಿಸುವುದಾ?” ಎಂದು ಕೇಳಿದರಂತೆ. ಸಂಜೆಗೆ ಹೊಳೆ ಕೆಂಪಗಾಗಿ ಅವರ ತೆಂಗಿನ ಬುಡಕ್ಕೆ ಬಂತು. ದೋಣಿ ಅಂಗಳದಲ್ಲಿ ಸುಖವಾಗಿತ್ತು. ಮರುದಿನದಿಂದ ದಂಡೆಯ ಉಳಿದ ದೋಣಿಗಳವರೂ ಸೇಸಪ್ಪಣ್ಣನ ಫೋನಿನ ಮೇಲೆ ಒಂದು ಕಿವಿ ಇಟ್ಟರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಿತ್ತು. ನೀರು ಇಳಿದ ಮೇಲೆ ಸೇಸಪ್ಪಣ್ಣ ನನಗೆ ಫೋನ್ ಮಾಡಿದರು. ದನಿಯಲ್ಲಿ ಹಬ್ಬ.

“ಟೀಚರ್, ಆ ಅಕ್ಕನಿಗೆ ಎಂತಾದ್ರೂ ಕಳಿಸಬೇಕು ಅಂತ ಮನಸ್ಸಿಗೆ ಬಂತು. ಬೆಳಿಗ್ಗೆ ಒಳ್ಳೆ ಹೊಳೆ ಮೀನು ಸಿಕ್ಕಿತು. ತೇಗದ ಎಲೆಯಲ್ಲಿ ಕಟ್ಟಿ ಕಂಡಕ್ಟರ್ ಕೈಯಲ್ಲಿ ಕೊಟ್ಟು ಬಿಟ್ಟೆ.”

“ಅಯ್ಯೋ ಸೇಸಪ್ಪಣ್ಣ, ಅವರು ಜೈನರು. ಬಸ್ಸು ಎಲ್ಲಿಗೆ ಮುಟ್ಟಿರಬಹುದು?”

“ಮಡಂತ್ಯಾರು ದಾಟಿತು ಕಾಣ್ತದೆ, ಅರ್ಧ ದಾರಿ ಆಯ್ತು” ಎಂದರು.

ನೀವು ಈ ಕಡೆಯವರಲ್ಲವಾದರೆ ತೇಗದ ಎಲೆಯ ವಿಷಯ ಹೇಳಬೇಕು. ಹಲಸಿನ ಹಣ್ಣಿನ ಕಡುಬನ್ನು ನಾವು ಗಟ್ಟಿ ಎನ್ನುತ್ತೇವೆ. ಅದನ್ನು ತೇಗದ ಎಲೆಯಲ್ಲೇ ಕಟ್ಟಿ ಬೇಯಿಸುವುದು. ಎಲೆಯ ಕಟ್ಟು ಕಂಡರೆ ಯಾರಿಗಾದರೂ ಬಾಯಲ್ಲಿ ನೀರು ಬರಬೇಕು. ಸುನಂದಕ್ಕನಿಗೂ ಬಂತು. ಅವರು ಗುಡ್ಡೆ ಹತ್ತಿ ನನ್ನ ಫೋನಿಗೆ ಸಿಗುವಾಗ ಎಲ್ಲ ಆಗಿ ಹೋಗಿತ್ತು. “ಹಲಸಿನ ಗಟ್ಟಿ ಅಂತ ಗ್ರಹಿಸಿ ಅಡುಗೆ ಮನೆಗೆ ಕೊಂಡುಹೋಗಿ ಅತ್ತೆಯ ಎದುರೇ ಬಿಚ್ಚಿದೆ ಟೀಚರ್” ಎಂದರು. ನಾನು ಕ್ಷಮೆ ಕೇಳುತ್ತಿರುವಾಗ ಲೈನು ತುಂಡಾಯಿತು. ರೇಂಜ್ ಹೋಯಿತೋ ಅವರೇ ಇಟ್ಟರೋ ಗೊತ್ತಾಗಲಿಲ್ಲ.

ಆಮೇಲೆ ಮೂರು ವಾರ ಒಂದು ಮಿಸ್ಡ್ ಕಾಲೂ ಇಲ್ಲ. ತಪ್ಪು ನನ್ನದೇ. ಇಬ್ಬರ ನಂಬರು ಬರೆದುಕೊಟ್ಟವಳು ಯಾರ ಮನೆಯಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬ ಒಂದು ಸಾಲು ಬರೆಯಲಿಲ್ಲ. ಸೇಸಪ್ಪಣ್ಣನ ಮುಖ ನೋಡಲಾಗುತ್ತಿರಲಿಲ್ಲ. “ದೋಣಿ ಹೋದ್ರೆ ಹೋಗ್ಲಿ ಟೀಚರ್. ಉಪಕಾರ ಮಾಡಿದವರ ಅಡುಗೆ ಮನೆ ಹಾಳು ಮಾಡಿದೆನಲ್ಲ” ಎನ್ನುತ್ತಿದ್ದರು. ದೋಣಿ ಹೋಗಲಿ ಎಂದು ಅವರು ಬಾಯಿಮಾತಿಗೂ ಹೇಳುವವರಲ್ಲ, ಹಾಗಾಗಿ ನನಗೆ ಹೆದರಿಕೆಯಾಯಿತು.

ಆಗಸ್ಟ್‌ನ ಒಂದು ಮಧ್ಯಾಹ್ನ ಅದೇ ಅಂಗಳದಲ್ಲಿ ಖಾಲಿ ಎಣ್ಣೆ ಕ್ಯಾನುಗಳನ್ನು ಒಟ್ಟಿಗೆ ಕಟ್ಟಿ ತೆಪ್ಪ ಮಾಡುವುದನ್ನು ಕಲಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಅವರು ನನಗೆ ಕಲಿಸುತ್ತಿದ್ದರು, ನಾನು ಹಾಕಿದ ಗಂಟುಗಳೆಲ್ಲ ಬಿಚ್ಚಿಹೋಗುತ್ತಿದ್ದವು. ಮೇಲೆ ಸ್ವಚ್ಛ ಬಿಸಿಲು. ಸೇಸಪ್ಪಣ್ಣನ ಫೋನು ಒಮ್ಮೆ ಬಡಿದು ನಿಂತಿತು. ಎಲ್ಲರ ಕೈ ನಿಂತಿತು. ಎರಡು. ಮೂರು. ಸೇಸಪ್ಪಣ್ಣ ಎದ್ದು ನಿಂತರು, ಕಣ್ಣು ತುಂಬಿತ್ತು. ಹೊಳೆಯ ಕಡೆ ಓಡಬೇಕು ಅನ್ನುವಾಗ ನಾಲ್ಕನೆಯ ಸಲ ಬಡಿಯಿತು. ನಮ್ಮ ಲೆಕ್ಕದಲ್ಲಿ ನಾಲ್ಕು ಇರಲೇ ಇಲ್ಲ. ನಿಲ್ಲಲಿಲ್ಲ, ಬಡಿಯುತ್ತಲೇ ಇತ್ತು. ಅವರು ಹೆದರಿಕೊಂಡೇ ಎತ್ತಿ ಸ್ಪೀಕರಿಗೆ ಹಾಕಿದರು.

“ಸೇಸಪ್ಪಣ್ಣನಾ? ನಾನು ಸುನಂದ. ಕಲ್ಲು ಮುಳುಗಿತು, ದೋಣಿ ಎಳೀರಿ” ಎಂದು ಏದುಸಿರಿನ ತುಳುವಿನಲ್ಲಿ ಹೇಳಿದ ದನಿ ಒಂದು ಕ್ಷಣ ತಡೆದು, “ಮತ್ತೆ, ಮೀನು ಮಾತ್ರ ಕಳಿಸ್ಬೇಡಿ ಮಾರಾಯ್ರೆ” ಎಂದಿತು.

ಅವತ್ತು ದಂಡೆಯ ದೋಣಿಗಳನ್ನೆಲ್ಲ ಎಳೆದೆವು. ನಾನೂ ಹಗ್ಗ ಹಿಡಿದೆ, ಎಳೆದದ್ದಕ್ಕಿಂತ ಜಾರಿ ಬಿದ್ದದ್ದೇ ಹೆಚ್ಚು. ಕೆಂಪು ನೀರು ಅಂಗಳದ ಮೆಟ್ಟಿಲಿಗೆ ಬಂದಾಗ ದೋಣಿಗಳೂ ಬಲೆಗಳೂ ಮೇಲಿದ್ದವು. ಮುಂದೆ ಸುನಂದಕ್ಕನನ್ನು ಕಂಡಾಗ ಮೂರು ವಾರ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, “ಮಳೆಯೇ ಇರಲಿಲ್ಲ ಅಲ್ವಾ ಟೀಚರ್? ಕಲ್ಲು ಒದ್ದೆಯಾಗದೆ ಕರೆ ಮಾಡುವುದು ಹೇಗೆ?” ಎಂದರು. ಸಿಟ್ಟು ಒಂದೇ ದಿನದ್ದಂತೆ, ಅದೂ ಅತ್ತೆಯದ್ದಂತೆ. ಮೌನಕ್ಕೆಲ್ಲ ಭಾವಾರ್ಥ ಬರೆಯುವುದು ಕನ್ನಡ ಟೀಚರರ ರೋಗ.

ಇಷ್ಟು ಹೇಳುವ ಹೊತ್ತಿಗೂ ಎರಡನೆಯ ರಿಂಗು ಬರಲಿಲ್ಲ. ನೋಡಿದರೆ ಸೇಸಪ್ಪಣ್ಣನ ನಂಬರು. ತಿರುಗಿ ಮಾಡಿದೆ.

“ಟೀಚರ್, ನೆರೆ ಬಂದಿದೆ.”

ತಲೆಯೆತ್ತಿ ಬಿಸಿಲು ನೋಡಿದೆ. ಬಿಸಿಲನ್ನು ನಂಬಬಾರದೆಂದು ಅವರೇ ಕಲಿಸಿದ್ದಾರಲ್ಲ. “ಎಲ್ಲಿಯವರೆಗೆ ಬಂತು ಸೇಸಪ್ಪಣ್ಣ?”

“ಜಗಲಿಯಲ್ಲಿ ಕೂತುಕೊಂಡಿದೆ. ಕನ್ನಡಕ ಮಾಡಿಸ್ಲಿಕ್ಕೆ ಬಂಟ್ವಾಳಕ್ಕೆ ಬಂದದ್ದಂತೆ. ಇನ್ನೀಗ ಎಂತ ಮಾಡುವುದು ಹೇಳಿ, ಗುಡ್ಡೆ ಹತ್ತುವುದಾ?”

ಇಷ್ಟು ವರ್ಷ ಬರೇ ಫೋನಿನಲ್ಲೇ ಗುರುತಿದ್ದ ಇಬ್ಬರು. ನನಗೆ ಆದ ಸಂತೋಷಕ್ಕೆ ಒಂದು ಹಪ್ಪಳ ಕಾಗೆಯ ಪಾಲಾದದ್ದೂ ಗೊತ್ತಾಗಲಿಲ್ಲ. ನನ್ನ ಚಾರ್ಟಿನ ಪ್ರಶ್ನೆಗೆ ಎರಡು ಉತ್ತರ ಬರೆಯಬೇಕಿತ್ತು ಎಂದು ಈಗ ತಿಳಿಯಿತು. “ಓಡಬೇಡಿ, ಹತ್ತಿರ ಕೂತುಕೊಳ್ಳಿ. ಎಳನೀರಿನ ಬೊಂಡ ಕೆತ್ತಿ ಕೊಡಿ” ಎಂದೆ.

ಹಿಂದಿನಿಂದ ಸುನಂದಕ್ಕನ ದನಿ ಕೇಳಿತು. “ಬೊಂಡ ಕುಡಿದಾಯ್ತು ಟೀಚರ್. ಈಗ ಇವರ ಹೆಂಡತಿ ತೇಗದ ಎಲೆಯ ಕಟ್ಟು ತಂದು ಇಟ್ಟಿದ್ದಾರೆ. ಬಿಚ್ಚಲಿಕ್ಕೆ ನನಗೆ ಧೈರ್ಯ ಇಲ್ಲ.”

“ಬಿಚ್ಚಿ ಸುನಂದಕ್ಕ” ಎಂದೆ. ಬೆಂದ ಎಲೆ ಸುಲಿಯುವ ಸಣ್ಣ ಸದ್ದು ಮಾತ್ರ ಕೇಳಿಸುತ್ತಿತ್ತು.

“ಗಟ್ಟಿಯೇ ಟೀಚರ್” ಎಂದರು ಸುನಂದಕ್ಕ. “ಇನ್ನೂ ಬಿಸಿ ಉಂಟು.”